ಮಾನವ ಹಕ್ಕುಗಳ ತಿಳಿವಳಿಕೆ: ಮುಂಬಯಿಯಿಂದ ಒಂದು ಪಾಠ

ಮಾನವ ಹಕ್ಕುಗಳ ಶಿಕ್ಷಣವೆಂದೊಡನೆ ಶಾಲೆಯ ಪಠ್ಯಪುಸ್ತಕ, ಡಿಸೆಂಬರ್ 10ರಂದು ನಡೆಯುವ ಭಾಷಣ, ಪ್ರಬಂಧ ಸ್ಪರ್ಧೆ ಮೊದಲಾದವು ನಮ್ಮ ನೆನಪಿಗೆ ಬರುತ್ತವೆ. ಇವುಗಳ ಪ್ರಯೋಜನವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹಕ್ಕಿನ ಅರಿವು ನಿಜವಾಗಿ ಅವಶ್ಯವಾಗುವ ಗಳಿಗೆ ಬಹುಮಟ್ಟಿಗೆ ತರಗತಿಯ ಹೊರಗೆ ಒದಗುತ್ತದೆ. ಕೆಲಸ ಮುಗಿಸಿ ಮಲಗಲು ಹೊರಟ ಹೋಟೆಲ್ ಕಾರ್ಮಿಕನನ್ನು ರಾತ್ರಿಯ ಹೊತ್ತಿನಲ್ಲಿ ಠಾಣೆಗೆ ಕರೆದೊಯ್ದಾಗ, ಅಥವಾ ರಸ್ತೆ ಬದಿಯ ಗುಡಿಸಲಿನ ಮುಂದೆ ನಗರಪಾಲಿಕೆಯ ಲಾರಿ ಬಂದು ನಿಂತಾಗ, ಆ ವ್ಯಕ್ತಿಗೆ ಹಕ್ಕನ್ನು ತಿಳಿಸಿಕೊಡುವವರು ಯಾರು? ಯಾವ ಭಾಷೆಯಲ್ಲಿ ತಿಳಿಸಬೇಕು? ಈ ಪ್ರಶ್ನೆಗಳಿಗೆ ನಮ್ಮ ದೇಶದಲ್ಲಿ ದೊರೆತ ಕೆಲವು ಮುಖ್ಯ ಉತ್ತರಗಳು ಮುಂಬಯಿ ನಗರದ ಪ್ರಕರಣಗಳಿಂದಲೇ ಬಂದಿವೆ. ಲಕ್ಷಾಂತರ ಕನ್ನಡಿಗರು ಬದುಕು ಕಟ್ಟಿಕೊಂಡಿರುವ ನಗರವಾದ್ದರಿಂದ ಅವುಗಳನ್ನು ನಾವು ವಿಶೇಷವಾಗಿ ಅರಿತಿರುವುದು ಉಚಿತ.

ಘೋಷಣೆಯಲ್ಲಿ ಒಂದು ಪದ

ವಿಶ್ವಸಂಸ್ಥೆಯ ಮಹಾಸಭೆಯು 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದನ್ನು ಸಿದ್ಧಪಡಿಸಿದ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಶ್ರೀಮತಿ ಹಂಸಾ ಮೆಹತಾ. ಅವರು ಮುಂಬಯಿಯಿಂದ ಸಂವಿಧಾನ ಸಭೆಗೆ ಆಯ್ಕೆಯಾಗಿದ್ದರು. ಇಲ್ಲಿನ ಮಹಿಳಾ ವಿಶ್ವವಿದ್ಯಾನಿಲಯದ ಕುಲಪತಿಯಾಗಿಯೂ ಕೆಲಸ ಮಾಡಿದ್ದರು. ಕರಡಿನ ಮೊದಲನೆಯ ವಿಧಿಯಲ್ಲಿ ಜನ್ಮತಃ ಸ್ವತಂತ್ರರೂ ಸಮಾನರೂ ಆದವರನ್ನು ಹೇಳುವಾಗ ಇಂಗ್ಲಿಷಿನಲ್ಲಿ ಪುರುಷರೆಂದು ಅರ್ಥ ಬರಬಹುದಾದ ಪದವನ್ನು ಬಳಸಲಾಗಿತ್ತು. ಅದರ ಬದಲು ಮಾನವಜೀವಿಗಳೆಲ್ಲರೂ ಎಂಬ ಅರ್ಥದ ಪದವೇ ಇರಬೇಕೆಂದು ಅವರು ಪಟ್ಟು ಹಿಡಿದರು, ಅದೇ ಉಳಿಯಿತು. ಕನ್ನಡದಲ್ಲಿ 'ಮನುಷ್ಯ' ಎಂದರೆ ಹೆಣ್ಣು ಗಂಡು ಇಬ್ಬರೂ ಸೇರುವುದರಿಂದ ನಮಗೆ ಈ ವಾದ ಅಷ್ಟಾಗಿ ತಟ್ಟಲಾರದು. ಆದರೆ ಪದವೊಂದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದು ಹಕ್ಕುಗಳ ವಿಷಯದಲ್ಲಿ ಸಣ್ಣ ಮಾತಲ್ಲ.

ಘೋಷಣೆಯ ಪೀಠಿಕೆಯೇ ಬೋಧನೆ ಮತ್ತು ಶಿಕ್ಷಣದ ಮೂಲಕ ಈ ಹಕ್ಕುಗಳಿಗೆ ಗೌರವವನ್ನು ಬೆಳೆಸಬೇಕೆಂದು ಹೇಳುತ್ತದೆ. ವಿಶ್ವಸಂಸ್ಥೆಯು 1995ರಿಂದ 2004ರವರೆಗಿನ ಅವಧಿಯನ್ನು ಮಾನವ ಹಕ್ಕುಗಳ ಶಿಕ್ಷಣದ ದಶಕವೆಂದು ಆಚರಿಸಿತು. ನಮ್ಮಲ್ಲಿ 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮವು ಜನರಲ್ಲಿ ಹಕ್ಕುಗಳ ಸಾಕ್ಷರತೆಯನ್ನು ಹರಡುವುದನ್ನು ರಾಷ್ಟ್ರೀಯ ಆಯೋಗದ ಕರ್ತವ್ಯಗಳಲ್ಲಿ ಒಂದೆಂದು ವಿಧಿಸಿದೆ. ಆದರೆ ಇದಕ್ಕೆ ಹತ್ತು ವರ್ಷ ಮೊದಲೇ ಮುಂಬಯಿಯ ಪೊಲೀಸ್ ಲಾಕಪ್ಪುಗಳಲ್ಲಿ ಇಂಥದೊಂದು ಪಾಠವನ್ನು ಆರಂಭಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತ್ತು.

ಲಾಕಪ್ಪಿನ ಗೋಡೆ

ಪತ್ರಕರ್ತೆ ಶೀಲಾ ಬರ್ಸೆ ಅವರು ಮುಂಬಯಿಯ ಕೇಂದ್ರ ಕಾರಾಗೃಹದಲ್ಲಿದ್ದ 15 ಮಂದಿ ಮಹಿಳಾ ಕೈದಿಗಳನ್ನು ಕಂಡು ಮಾತನಾಡಿಸಿದರು. ಅವರಲ್ಲಿ ಐವರು, ಪೊಲೀಸ್ ಲಾಕಪ್ಪಿನಲ್ಲಿದ್ದಾಗ ತಮ್ಮನ್ನು ಹೊಡೆಯಲಾಯಿತೆಂದು ದೂರಿದರು. ಶೀಲಾ ಬರ್ಸೆ ಅವರು ಇದನ್ನು ಪತ್ರದ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿದರು. ನ್ಯಾಯಾಲಯವು ಆ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಮುಂದೆ ನ್ಯಾಯಾಲಯವು ಕೈಗೊಂಡ ಕ್ರಮವೂ ಗಮನಾರ್ಹವಾದುದು. ನಗರದ ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿಯಾಗಿದ್ದ ಡಾ. ಎ. ಆರ್. ದೇಸಾಯಿ ಅವರು ಕಾರಾಗೃಹಕ್ಕೆ ಹೋಗಿ, ಬೇರೆ ಯಾರೂ ಹತ್ತಿರವಿಲ್ಲದಂತೆ ಮಹಿಳಾ ಕೈದಿಗಳೊಡನೆ ಮಾತನಾಡಿ ವರದಿ ಸಲ್ಲಿಸಬೇಕೆಂದು ಸೂಚಿಸಿತು. ಕಾವಲಿನವರು ಕೇಳಿಸಿಕೊಳ್ಳುತ್ತ ನಿಂತಿರುವಾಗ ಯಾವ ಹೆಂಗಸೂ ಬಾಯಿ ಬಿಡಲಾರಳೆಂಬುದನ್ನು ನ್ಯಾಯಮೂರ್ತಿಗಳು ಮನಗಂಡಿದ್ದರು.

ವರದಿಯು ಕೈದಿಗಳಿಗೆ ಕಾನೂನಿನ ನೆರವು ದೊರೆಯುತ್ತಿಲ್ಲವೆಂಬುದನ್ನು ಬಯಲಿಗೆ ತಂದಿತು. ವಿದೇಶದ ಇಬ್ಬರು ಕೈದಿಗಳು, ವಕೀಲನೊಬ್ಬನು ಶುಲ್ಕದ ನೆಪದಲ್ಲಿ ತಮ್ಮ ಸಾಮಾನು ಹಾಗೂ ಒಡವೆಗಳಲ್ಲಿ ಸುಮಾರು ಅರ್ಧವನ್ನು ಲಪಟಾಯಿಸಿದನೆಂದು ಹೇಳಿಕೊಂಡಿದ್ದರು. ನೆಲದ ಕಾನೂನನ್ನಾಗಲಿ ಭಾಷೆಯನ್ನಾಗಲಿ ಅರಿಯದವರು ಎಷ್ಟು ಸುಲಭವಾಗಿ ಮೋಸಹೋಗಬಹುದೆಂಬುದಕ್ಕೆ ಇದೊಂದು ನಿದರ್ಶನ. ಹೊರದೇಶದವರ ಪಾಡು ಹೀಗಾದರೆ ಹೊರರಾಜ್ಯದಿಂದ ಬಂದ ನಿರಕ್ಷರ ಕೂಲಿಯವರ ಪಾಡು ಇದಕ್ಕಿಂತ ಮೇಲಾಗಿದ್ದೀತೆಂದು ನಂಬಲು ಕಾರಣವಿಲ್ಲ.

ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ನೇತೃತ್ವದ ಪೀಠವು 1983ರ ಫೆಬ್ರವರಿ 15ರಂದು ತೀರ್ಪು ನೀಡಿತು. ಮಹಿಳಾ ಆರೋಪಿಗಳಿಗಾಗಿ ನಗರದಲ್ಲಿ ನಾಲ್ಕೈದು ಪ್ರತ್ಯೇಕ ಲಾಕಪ್ಪುಗಳಿರಬೇಕು, ಅಲ್ಲಿ ಮಹಿಳಾ ಕಾನ್‌ಸ್ಟೇಬಲ್‌ಗಳೇ ಕಾವಲಿರಬೇಕು, ಮಹಿಳಾ ಅಧಿಕಾರಿಗಳ ಸಮಕ್ಷಮದಲ್ಲಿ ಮಾತ್ರ ವಿಚಾರಣೆ ನಡೆಯಬೇಕು, ನಗರದ ಸೆಷನ್ಸ್ ನ್ಯಾಯಾಧೀಶರೊಬ್ಬರು, ಸಾಧ್ಯವಾದರೆ ಮಹಿಳಾ ನ್ಯಾಯಾಧೀಶರು, ಮುನ್ಸೂಚನೆಯಿಲ್ಲದೆ ಲಾಕಪ್ಪುಗಳಿಗೆ ಭೇಟಿ ಕೊಡಬೇಕು ಎಂಬಿವೇ ಮೊದಲಾದ ನಿರ್ದೇಶನಗಳು ಅದರಲ್ಲಿದ್ದವು. ನಮ್ಮ ವಿಷಯಕ್ಕೆ ಹತ್ತಿರವಾದ ನಿರ್ದೇಶನ ಬೇರೊಂದಿದೆ. ಬಂಧಿತ ವ್ಯಕ್ತಿಯ ಕಾನೂನುಬದ್ಧ ಹಕ್ಕುಗಳನ್ನು ವಿವರಿಸುವ ಕರಪತ್ರವೊಂದನ್ನು ರಾಜ್ಯದ ಕಾನೂನು ನೆರವು ಮಂಡಳಿಯು ಸಿದ್ಧಪಡಿಸಬೇಕು. ಸರ್ಕಾರವು ಅದನ್ನು ಮರಾಠಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಿ ಪ್ರತಿಯೊಂದು ಲಾಕಪ್ಪಿನ ಪ್ರತಿಯೊಂದು ಕೋಣೆಯಲ್ಲಿಯೂ ಅಂಟಿಸಬೇಕು. ಬಂಧಿತನನ್ನು ಠಾಣೆಗೆ ಕರೆತಂದ ಕೂಡಲೇ ಈ ಮೂರರಲ್ಲಿ ಆತನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಓದಿ ಹೇಳಬೇಕು.

ಓದಿ ಹೇಳಬೇಕೆಂಬ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಅಕ್ಷರ ಬಾರದವನಿಗೆ ಗೋಡೆಯ ಮೇಲಿನ ಕಾಗದದಿಂದ ಏನೂ ಸಿಕ್ಕುವುದಿಲ್ಲವೆಂಬ ವಾಸ್ತವವನ್ನು ನ್ಯಾಯಾಲಯ ಅಲ್ಲಿ ಒಪ್ಪಿಕೊಂಡಿದೆ. ಈ ವ್ಯವಸ್ಥೆಯ ದುರ್ಬಲ ಕೊಂಡಿಯೂ ಅದೇ. ಬಂಧಿಸಿದವರೇ ಬಂಧಿತನಿಗೆ ಅವನ ಹಕ್ಕನ್ನು ಓದಿ ಹೇಳಬೇಕಾದಾಗ ಪಾಠವು ಎಷ್ಟು ಆಸಕ್ತಿಯಿಂದ ನಡೆಯುವುದೆಂದು ಊಹಿಸುವುದು ಕಷ್ಟವಲ್ಲ. ಪ್ರಾಯಶಃ ಈ ಕಾರಣದಿಂದಲೇ ತೀರ್ಪು ಪೊಲೀಸರ ಮೇಲೆಯೇ ಎಲ್ಲವನ್ನೂ ಬಿಡಲಿಲ್ಲ. ಬಂಧನದ ಸುದ್ದಿಯನ್ನು ಸಮೀಪದ ಕಾನೂನು ನೆರವು ಸಮಿತಿಗೂ ಬಂಧಿತನು ಹೆಸರಿಸಿದ ಬಂಧು ಅಥವಾ ಮಿತ್ರನಿಗೂ ತಿಳಿಸಬೇಕೆಂದಿತು. ಮ್ಯಾಜಿಸ್ಟ್ರೇಟರು ಪೊಲೀಸರ ಹಿಂಸೆಯ ಬಗ್ಗೆ ದೂರೇನಾದರೂ ಇದೆಯೇ ಎಂದು ಬಂಧಿತನನ್ನು ತಾವಾಗಿಯೇ ಕೇಳಬೇಕೆಂದೂ, ವೈದ್ಯಕೀಯ ಪರೀಕ್ಷೆಯ ಹಕ್ಕಿದೆಯೆಂದು ಅವನಿಗೆ ತಿಳಿಸಬೇಕೆಂದೂ ವಿಧಿಸಿತು. ಹೀಗೆ ಒಂದೇ ಪಾಠಕ್ಕೆ ಹಲವು ಬೋಧಕರನ್ನು ನೇಮಿಸಿದಂತಾಯಿತು.

ಮೂರು ಭಾಷೆಗಳ ಆಚೆ

ಮುಂಬಯಿ ಮೂರೇ ಭಾಷೆಗಳ ನಗರವಲ್ಲ. ಇಲ್ಲಿನ ನಗರಪಾಲಿಕೆಯು ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲದೆ ಉರ್ದು, ಗುಜರಾತಿ, ಕನ್ನಡ, ತಮಿಳು ಮತ್ತು ತೆಲುಗು ಮಾಧ್ಯಮಗಳಲ್ಲಿಯೂ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಮಕ್ಕಳಿಗೆ ಅಕ್ಷರ ಕಲಿಸಲು ಎಂಟು ಭಾಷೆಗಳು ಬೇಕಾದ ಊರಿನಲ್ಲಿ ಬಂಧಿತನಿಗೆ ಹಕ್ಕು ತಿಳಿಸಲು ಮೂರು ಸಾಕೆಂಬ ಲೆಕ್ಕ ಸರಿಹೋಗದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಹೋಟೆಲ್ ಕೆಲಸಕ್ಕೆ ಬಂದ ಮಾಣಿಗೆ ಕೆಲವೇ ತಿಂಗಳಲ್ಲಿ ಮುಂಬಯಿ ಹಿಂದಿ ನಾಲಿಗೆಗೆ ಹತ್ತುತ್ತದೆ, ನಿಜ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಬೆಳಗಿನ ಹೊತ್ತು ನಾಕಾದಲ್ಲಿ ಕೂಲಿಗಾಗಿ ಕಾದು ನಿಲ್ಲುವವರಿಗೂ ಸಂಬಳ, ಬಸ್ಸು, ಬಾಡಿಗೆಗಳಿಗೆ ಸಾಕಾಗುವಷ್ಟು ಮಾತು ಬರುತ್ತದೆ. ಆದರೆ ತರಕಾರಿ ಕೊಳ್ಳುವ ಹಿಂದಿಗೂ ಜಾಮೀನು, ಕಲಂ, ರಿಮ್ಯಾಂಡ್ ಎಂಬ ಪದಗಳಿರುವ ಹಿಂದಿಗೂ ಬಹಳ ಅಂತರವಿದೆ. ಮಾರುಕಟ್ಟೆಯಲ್ಲಿ ತಲೆದೂಗಿದಂತೆ ಠಾಣೆಯಲ್ಲಿಯೂ ತಲೆದೂಗಿ, ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನು ತಾನು ಏನನ್ನು ಒಪ್ಪಿಕೊಂಡೆನೆಂದು ತಿಳಿಯುವಷ್ಟರಲ್ಲಿ ದಿನಗಳು ಕಳೆದಿರುತ್ತವೆ.

ಈ ಅಂತರವನ್ನು ಸರ್ವೋಚ್ಚ ನ್ಯಾಯಾಲಯವು ಬಹಳ ಹಿಂದೆಯೇ ಗುರುತಿಸಿತ್ತು. ಮಹಾರಾಷ್ಟ್ರದ ನಾಗಪುರದಲ್ಲಿ ಮುಂಜಾಗ್ರತಾ ಬಂಧನಕ್ಕೊಳಗಾದ ಒಬ್ಬರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದು ಅವರು ಕೇಳಿದರೂ ಕೊಡಲಿಲ್ಲ. ಅಧಿಕಾರಿಯು ಬಾಯಿಮಾತಿನಲ್ಲಿ ವಿವರಿಸಿದ್ದಾರೆಂಬುದು ಸರ್ಕಾರದ ವಾದವಾಗಿತ್ತು. ಅಷ್ಟು ಸಾಲದೆಂದು 1962ರಲ್ಲಿ ನ್ಯಾಯಾಲಯವು ಆ ಬಂಧನವನ್ನು ರದ್ದುಪಡಿಸಿತು. ಸಾಮಾನ್ಯ ಅಪರಾಧಗಳಲ್ಲಿನ ದಸ್ತಗಿರಿಗೆ ಇದೇ ತತ್ತ್ವ ಸ್ಪಷ್ಟವಾಗಿ ಅನ್ವಯವಾಗಲು ಮಾತ್ರ ಆರು ದಶಕಗಳೇ ಬೇಕಾದವು. ಮುಂಬಯಿಯ ವರ್ಲಿಯಲ್ಲಿ 2024ರಲ್ಲಿ ನಡೆದ ರಸ್ತೆ ಅಪಘಾತವೊಂದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 6ರಂದು ತೀರ್ಪಿತ್ತು, ಅಪರಾಧ ಯಾವುದೇ ಆಗಿರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಹೇಳಿದೆ. ಬಂಧನದ ಕ್ಷಣದಲ್ಲಿ ಬರೆದು ಕೊಡಲು ಸಾಧ್ಯವಾಗದಿದ್ದರೆ ಆಗ ಬಾಯಿಮಾತಿನಲ್ಲಿ ತಿಳಿಸಬಹುದು. ಆದರೆ ರಿಮ್ಯಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತ ಪ್ರತಿ ಕೈಸೇರಬೇಕು. ಕನ್ನಡವೊಂದನ್ನೇ ಬಲ್ಲ ಕೂಲಿಯವನು ಇನ್ನು ಮೇಲೆ ಕನ್ನಡದ ಕಾಗದವನ್ನು ಕೇಳಿದರೆ ಅದು ದಾಕ್ಷಿಣ್ಯದ ಬೇಡಿಕೆಯಾಗುವುದಿಲ್ಲ.

ಪಾದಚಾರಿ ಮಾರ್ಗದ ಪಾಠ

ಮುಂಬಯಿಯ ಇನ್ನೊಂದು ಪ್ರಕರಣ ಓಲ್ಗಾ ಟೆಲ್ಲಿಸ್ ಎಂಬ ಪತ್ರಕರ್ತೆಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಪಾದಚಾರಿ ಮಾರ್ಗಗಳಲ್ಲಿ ವಾಸಿಸುವವರನ್ನು ತೆರವುಗೊಳಿಸಿ ಅವರವರ ಊರುಗಳಿಗೆ ಕಳುಹಿಸಲಾಗುವುದೆಂದು 1981ರ ಜುಲೈ 13ರಂದು ಅಂದಿನ ಮುಖ್ಯಮಂತ್ರಿಗಳು ಪ್ರಕಟಿಸಿದ್ದರು. ಇದನ್ನು ಪ್ರಶ್ನಿಸಿದವರಲ್ಲಿ ಹೊಟ್ಟೆಪಾಡಿಗಾಗಿ ತಮಿಳುನಾಡಿನಿಂದ ವಲಸೆ ಬಂದು ಬೀದಿಬದಿಯಲ್ಲಿ ನೆಲೆಸಿದ್ದ ಕೂಲಿಕಾರನೂ ಇದ್ದನು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ನೇತೃತ್ವದ ಐವರ ಪೀಠವು 1985ರ ಜುಲೈ 10ರಂದು, ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿತು.

ಭಾಷಣಗಳಲ್ಲಿ ಈ ತೀರ್ಪನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆಯಾಗಿದೆ. ಆದರೆ ಅದೇ ತೀರ್ಪು ಸಾರ್ವಜನಿಕ ಪಾದಚಾರಿ ಮಾರ್ಗದಲ್ಲಿ ಮನೆ ಕಟ್ಟಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ಸಾಮಾನ್ಯವಾಗಿ ತೆರವಿಗೆ ಮೊದಲು ನೋಟೀಸು ಕೊಟ್ಟು ಅಹವಾಲು ಕೇಳಬೇಕೆಂದಿತು. 1985ರ ಅಕ್ಟೋಬರ್ 31ರವರೆಗೆ ಗುಡಿಸಲುಗಳನ್ನು ತೆಗೆಯಬಾರದೆಂದು ಅವಧಿ ನೀಡಿತು. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಬದಲಿ ನಿವೇಶನ ಕೊಡಬೇಕೆಂದಿತು. ಅರ್ಧ ಸತ್ಯವನ್ನು ಕಲಿತವನು ನೋಟೀಸು ಬಂದಾಗ ಅದನ್ನು ಹರಿದೆಸೆದು ಕುಳಿತಾನು. ಪೂರ್ತಿ ತಿಳಿದವನು ನೋಟೀಸಿನ ದಿನಾಂಕವನ್ನು ನೋಡುತ್ತಾನೆ, ಉತ್ತರ ಬರೆಸುತ್ತಾನೆ, ಹಳೆಯ ಚೀಟಿಯನ್ನು ಹುಡುಕುತ್ತಾನೆ. ಹಕ್ಕನ್ನು ಕಲಿಸುವವರು ಅದರ ಮೇರೆಯನ್ನೂ ಹೇಳದಿದ್ದರೆ ಕೇಳುಗನಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಚೀಟಿಯ ಮಹತ್ವವನ್ನು ಬೈಕಲಾ ಭಾಗದ ಪಾದಚಾರಿ ಮಾರ್ಗಗಳ ಹೆಂಗಸರು ಬೇಗನೆ ಗ್ರಹಿಸಿದರು. 1984ರಲ್ಲಿ ಸ್ಥಾಪಿತವಾದ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆಯು ಅವರೊಡನೆ ಸೇರಿ 1985ರಲ್ಲಿ ಸುಮಾರು 6,000 ಕುಟುಂಬಗಳ ಗಣತಿಯನ್ನು ಮಾಡಿತು. ಇವರು ಅಲೆಮಾರಿಗಳೆಂದೂ ಇಂದು ಬಂದು ನಾಳೆ ಹೋಗುವವರೆಂದೂ ನಗರದಲ್ಲಿದ್ದ ಭಾವನೆಗೆ ವಿರುದ್ಧವಾಗಿ, ವರ್ಷಗಳಿಂದ ಅಲ್ಲಿಯೇ ನೆಲೆಸಿ ದುಡಿಯುವ ಕುಟುಂಬಗಳು ಎಷ್ಟೆಂಬುದು ಅದರಿಂದ ತಿಳಿಯಿತು. ಮುಂದೆ 'ಮಹಿಳಾ ಮಿಲನ' ಎಂಬ ಹೆಸರಿನಲ್ಲಿ ಸಂಘಟಿತರಾದ ಈ ಹೆಂಗಸರಲ್ಲಿ ಬಹಳ ಮಂದಿಗೆ ಓದುಬರಹ ತಿಳಿದಿರಲಿಲ್ಲ. ತಮ್ಮನ್ನು ತಾವೇ ಎಣಿಸಿಕೊಳ್ಳುವುದು ಅವರ ಪಾಲಿಗೆ ಹಕ್ಕುಗಳ ಮೊದಲ ಪಾಠವಾಯಿತು.

ಯಾರು ಕಲಿಸಬಲ್ಲರು?

ಇಂತಹ ಬೋಧನೆಯ ಪರಂಪರೆ ಈ ನಗರಕ್ಕೆ ಹೊಸದಲ್ಲ. ಡಾ. ಅಂಬೇಡ್ಕರರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಸ್ಥಾಪಿಸಿದ್ದು ಇಲ್ಲಿಯೇ. ವಿದ್ಯಾರ್ಥಿನಿಲಯ, ವಾಚನಾಲಯಗಳ ಮೂಲಕ ವಿದ್ಯೆಯನ್ನು ಹರಡುವುದು ಅದರ ಮುಖ್ಯ ಧ್ಯೇಯಗಳಲ್ಲಿ ಒಂದಾಗಿತ್ತು. ಕನ್ನಡಿಗರ ಮಟ್ಟಿಗೆ ಹೇಳುವುದಾದರೆ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳನ್ನು ಸ್ಮರಿಸಲೇಬೇಕು. ಹಗಲೆಲ್ಲ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಕೋಟೆ ಪ್ರದೇಶದ ಶಾಲೆಗಳಲ್ಲಿ ಕನ್ನಡದಲ್ಲಿಯೇ ಓದಿ ಮುಂದೆ ಬಂದವರು ಅನೇಕರು. 'ಮಾನವ ಹಕ್ಕು' ಎಂಬ ಪಠ್ಯವಿಷಯ ಆ ಶಾಲೆಗಳಲ್ಲಿ ಇದ್ದಿರಲಾರದು. ಆದರೂ ಸಂಬಳದ ರಸೀದಿಯನ್ನು ಓದಬಲ್ಲ, ಊರಿಗೆ ತಾನೇ ಕಾಗದ ಬರೆಯಬಲ್ಲ ಹುಡುಗನನ್ನು ಮೋಸಗೊಳಿಸುವುದು ಸುಲಭವಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಗಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1984ರಲ್ಲಿ ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಮಹಿಳೆಯರು ಹಾಗೂ ಮಕ್ಕಳಿಗಾಗಿ ವಿಶೇಷ ಘಟಕವನ್ನು ತೆರೆಯಿತು. 1990ರಲ್ಲಿ 'ಪ್ರಯಾಸ್' ಯೋಜನೆಯ ಮೂಲಕ ಕಾರಾಗೃಹದ ಒಳಗೆ ಸಮಾಜಕಾರ್ಯಕರ್ತರನ್ನು ಕಳುಹಿಸತೊಡಗಿತು. ಪೊಲೀಸರ ಮನೆಯಂಗಳದಲ್ಲಿಯೇ ಪೊಲೀಸರಲ್ಲದ ಒಬ್ಬರು ಕುಳಿತು ಅಹವಾಲು ಕೇಳುವ ಈ ಕ್ರಮವು, ಗೋಡೆಯ ಕರಪತ್ರದಲ್ಲಿ ನಾವು ಕಂಡ ದುರ್ಬಲ ಕೊಂಡಿಗೆ ಒಂದು ಪರಿಹಾರ. ಪಶ್ಚಿಮ ಬಂಗಾಳದ ಡಿ. ಕೆ. ಬಸು ಅವರ ಪತ್ರದಿಂದ ಆರಂಭವಾದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಬಂಧನದ ಕಾಲದಲ್ಲಿ ಅನುಸರಿಸಬೇಕಾದ ಹನ್ನೊಂದು ನಿಯಮಗಳನ್ನು ವಿಧಿಸಿತು. ಅವುಗಳನ್ನು ಆಕಾಶವಾಣಿ, ದೂರದರ್ಶನಗಳಲ್ಲಿ ಪ್ರಸಾರ ಮಾಡುವುದೂ ಸ್ಥಳೀಯ ಭಾಷೆಯ ಕರಪತ್ರಗಳಲ್ಲಿ ಹಂಚುವುದೂ ಉಪಯುಕ್ತವೆಂದು ಆಗಲೇ ಹೇಳಿತು.

ಇಂದಿನ ನಿಯಮಗಳು

ಸಂವಿಧಾನದ 22ನೆಯ ಅನುಚ್ಛೇದವು ಬಂಧನದ ಕಾರಣ ತಿಳಿಯುವ, ತನ್ನ ಆಯ್ಕೆಯ ವಕೀಲರನ್ನು ಕಾಣುವ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳನ್ನು ಕೊಟ್ಟಿದೆ. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ 36ನೆಯ ಪ್ರಕರಣದಂತೆ ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು ಮತ್ತು ಬಂಧನದ ಮೆಮೊ ಸಿದ್ಧಪಡಿಸಿ ಅದಕ್ಕೆ ಮನೆಯವರ ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರ ಸಾಕ್ಷಿ ಹಾಕಿಸಬೇಕು. ಕಾರಣವನ್ನೂ ಜಾಮೀನಿನ ಹಕ್ಕನ್ನೂ ತಿಳಿಸುವ ಮಾತು 47ನೆಯ ಪ್ರಕರಣದಲ್ಲಿದೆ. ಬಂಧು ಮಿತ್ರರಿಗೆ ಸುದ್ದಿ ಮುಟ್ಟಿಸುವ ಮಾತು 48ರಲ್ಲಿದೆ. ವೈದ್ಯಕೀಯ ಪರೀಕ್ಷೆ 53ರಲ್ಲಿದೆ. ವಿಶೇಷ ಸಂದರ್ಭಗಳಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿಯ ಮೂಲಕ ಹೊರತು, ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯದ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ.

ಬಂಧನದಲ್ಲಿರುವ ವ್ಯಕ್ತಿಗೆ, ಹಾಗೆಯೇ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಕೈಗಾರಿಕಾ ಕಾರ್ಮಿಕರು ಮುಂತಾದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ವಕೀಲರ ನೆರವು ಉಚಿತವಾಗಿ ದೊರೆಯಬೇಕು. ಮುಂಬಯಿ ನಗರ ಮತ್ತು ಮುಂಬಯಿ ಉಪನಗರ ಜಿಲ್ಲೆಗಳೆರಡರಲ್ಲಿಯೂ ಇದಕ್ಕಾಗಿ ಜಿಲ್ಲಾ ಪ್ರಾಧಿಕಾರಗಳಿವೆ; 15100 ಎಂಬ ಉಚಿತ ದೂರವಾಣಿ ಸಂಖ್ಯೆ ದೇಶದಾದ್ಯಂತ ಇದೆ. ಹಕ್ಕುಗಳ ಉಲ್ಲಂಘನೆಯಾದಾಗ ಒಂದು ವರ್ಷದೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಅಥವಾ ಮಹಾರಾಷ್ಟ್ರ ರಾಜ್ಯ ಆಯೋಗಕ್ಕೆ ದೂರು ಕೊಡಬಹುದು. ರಾಷ್ಟ್ರೀಯ ಆಯೋಗವು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲಿಯೂ, ಬರೆದ ದೂರನ್ನು ಶುಲ್ಕವಿಲ್ಲದೆ ಸ್ವೀಕರಿಸುತ್ತದೆ. ಆಯೋಗವು ಶಿಫಾರಸು ಮಾಡುತ್ತದೆಯೇ ಹೊರತು ನ್ಯಾಯಾಲಯದಂತೆ ಶಿಕ್ಷೆ ವಿಧಿಸುವುದಿಲ್ಲ ಎಂಬುದನ್ನೂ ದೂರುದಾರನಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಬೋಧಕರಿಗೆ ಸೂಚನೆ

ಸಂಘ ಸಂಸ್ಥೆಗಳಲ್ಲಿ, ಕಾರ್ಮಿಕರ ವಸತಿಗಳಲ್ಲಿ, ನಾಕಾಗಳಲ್ಲಿ ಈ ಪಾಠವನ್ನು ಹೇಳುವವರು ಪ್ರಕರಣಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವ ಗೋಜಿಗೆ ಹೋಗಬೇಕಾಗಿಲ್ಲ. ಇಬ್ಬರು ಎದ್ದು ನಿಂತು ಠಾಣೆಯ ಸನ್ನಿವೇಶವನ್ನು ಅಭಿನಯಿಸಿದರೆ ಸಾಕು. ಉಳಿದವರು ಎಲ್ಲೆಲ್ಲಿ ಏನು ತಪ್ಪಿತೆಂದು ಹೇಳಲಿ. ಮರಾಠಿಯ ಎರಡು ವಾಕ್ಯಗಳನ್ನು ಎಲ್ಲರ ನಾಲಿಗೆಗೂ ಹತ್ತಿಸಬೇಕು. 'ಮಲಾ ಮರಾಠೀ ಯೇತ ನಾಹೀ, ಕನ್ನಡಾತ ಸಾಂಗಾ' ಎಂದರೆ ನನಗೆ ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಹೇಳಿ ಎಂದರ್ಥ. 'ಮಲಾ ವಕೀಲ ಹವಾ ಆಹೇ' ಎಂದರೆ ನನಗೆ ವಕೀಲರು ಬೇಕು. ಇವನ್ನು ಗಟ್ಟಿಯಾಗಿ, ಆದರೆ ವಿನಯದಿಂದ ಹೇಳುವ ಅಭ್ಯಾಸವಾಗಬೇಕು. ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಭಿನಯದಲ್ಲಿ ಅದು ತಾನೇ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಬಂಧುವಿಗೆ ಸುದ್ದಿ ಮುಟ್ಟಿಸಬೇಕಾದರೆ ಅವನ ದೂರವಾಣಿ ಸಂಖ್ಯೆ ಗೊತ್ತಿರಬೇಕು. ಠಾಣೆಯಲ್ಲಿ ಮೊಬೈಲನ್ನು ತೆಗೆದಿರಿಸಿಕೊಂಡ ಮೇಲೆ, ಹೆಂಡತಿಯ ಸಂಖ್ಯೆಯನ್ನಾಗಲಿ ಅಣ್ಣನ ಸಂಖ್ಯೆಯನ್ನಾಗಲಿ ನೆನಪಿನಿಂದ ಹೇಳಬಲ್ಲವರು ಈಗ ವಿರಳ. ಆದ್ದರಿಂದ ತರಗತಿ ಮುಗಿಯುವ ಮೊದಲು ಪ್ರತಿಯೊಬ್ಬರಿಂದಲೂ ಮನೆಯವರೊಬ್ಬರ ಸಂಖ್ಯೆಯನ್ನು, ಫೋನು ನೋಡದೆ, ಒಮ್ಮೆ ಹೇಳಿಸಬೇಕು. ಬಾರದವರು ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಕೆಲಸದ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಲಿ.